ಉಶ್ಶಮ್ಮನ ಮನೆಯ ನಿದ್ದೆ

ಉಶ್ಶಮ್ಮನಿಗೆ ಸದ್ದೆಂದರೆ ಭಯ. ಗುಡುಗು ಸಿಡಿಲಿಗೆಲ್ಲ ಜಗ್ಗುವ ಹೆಂಗಸಲ್ಲ ಆಕೆ. ಅವು ಹೊರಗಿನ ಸದ್ದು, ಅವುಗಳ ಪಾಡಿಗೆ ಅವು. ಆದರೆ ಮನೆಯೊಳಗೆ ಒಂದು ಲೋಟ ಕೈಜಾರಿ ಬಿದ್ದರೆ, ಕದ ಕಿರ್ರೆಂದರೆ, ಬಂದ ನೆಂಟರು ಗಟ್ಟಿಯಾಗಿ ಸೀನಿದರೆ ಸಾಕು, ಅವಳ ಎದೆ ಧಸಕ್ಕೆನ್ನುತ್ತಿತ್ತು. ಬೆರಳು ತಾನಾಗಿ ತುಟಿಗೆ ಹೋಗುತ್ತಿತ್ತು, ಬಾಯಿಂದ ‘ಉಶ್ಶ್’ ಹೊರಡುತ್ತಿತ್ತು. ಹೆತ್ತವರು ಇಟ್ಟ ಹೆಸರು ಏನಿತ್ತೋ, ಬೀದಿಯವರಿಗೆ ಅದು ಬೇಕಾಗಲಿಲ್ಲ. ಉಶ್ಶಮ್ಮ ಅಂದರು, ಅದೇ ನಿಂತಿತು.

ನಗಬೇಡಿ, ಆ ಭಯಕ್ಕೆ ಕಾರಣವಿತ್ತು. ಅವಳ ಯಜಮಾನರು ಊರಾಚೆಯ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದವರು. ಗಾಜಿನ ಕುಲುಮೆ ಆರಿಸುವಂಥದ್ದಲ್ಲ. ಆರಿಸಿದರೆ ಒಳಗಿನ ಗಾಜು ಕಲ್ಲಾಗಿ ಕುಲುಮೆಯೇ ಹಾಳು. ಹಾಗಾಗಿ ಊರೆಲ್ಲ ಮಲಗಿದಾಗಲೂ ಅದರ ಮುಂದೆ ಜನ ನಿಂತಿರಲೇಬೇಕು. ಯಜಮಾನರದು ಯಾವಾಗಲೂ ರಾತ್ರಿ ಪಾಳಿ. ಮಗ ಹುಟ್ಟಿದ ಹೊಸದು, ಹಗಲೆಲ್ಲ ಒಂದೇ ಸಮ ಅಳುವ ಕೂಸು. ಹಗಲು ಕಣ್ಣು ಮುಚ್ಚಲಾಗದ ಮನುಷ್ಯ ರಾತ್ರಿ ಕುಲುಮೆಯ ಮುಂದೆ ಒಂದು ಗಳಿಗೆ ತೂಕಡಿಸಿದರು. ಎರಡು ಬೆರಳು ಹೋದವು. ಅವರು ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳೂ ಎದುರು ಮಾತಾಡಿ ಹಗುರಾಗಬಹುದಿತ್ತು. ಅನ್ನಲಿಲ್ಲವಾದ್ದರಿಂದ ಅದು ಅವಳ ಎದೆಯಲ್ಲೇ ಉಳಿಯಿತು.

ಅವತ್ತಿನಿಂದ ಆ ಮನೆಯಲ್ಲಿ ಹಗಲೇ ರಾತ್ರಿಯಾಯಿತು. ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಬಂತು. ಕದದ ತಿರುಗಣಿಗಳಿಗೆ ಎಣ್ಣೆ, ಪಾತ್ರೆಗಳ ಅಡಿಗೆ ಮಡಿಸಿದ ಬಟ್ಟೆ, ಬಕೆಟ್ಟಿನ ತಳಕ್ಕೆ ಹಳೇ ಟವೆಲ್ಲು. ಕುಕ್ಕರ್ ಸೀಟಿ ಹೊಡೆಯುತ್ತದೆಂದು ಅದು ಅಟ್ಟ ಸೇರಿತು, ಅನ್ನ ತೆರೆದ ಪಾತ್ರೆಯಲ್ಲೇ ಬೇಯುತ್ತಿತ್ತು. ಕರೆಗಂಟೆಯ ತಂತಿಯನ್ನು ಅವಳೇ ಕೈಯಾರೆ ಕಿತ್ತಳು. ತರಕಾರಿಯವನು ಬೀದಿಯುದ್ದಕ್ಕೂ ಕೂಗಿಕೊಂಡು ಬರುತ್ತಿದ್ದವನು ಇವಳ ಮನೆ ಮುಂದೆ ಮಾತ್ರ ಕಳ್ಳನ ಹಾಗೆ ಗಾಡಿ ತಳ್ಳಿಕೊಂಡು ಹೋಗಿ, ನಾಲ್ಕು ಮನೆ ದಾಟಿದ ಮೇಲೆ ಮತ್ತೆ ಬಾಯಿ ತೆರೆಯುತ್ತಿದ್ದ. ಎದುರು ಮನೆಯ ಟೈಲರಮ್ಮನಂತೂ, ಉಶ್ಶಮ್ಮನ ಮನೆ ಗಡಿಯಾರಕ್ಕೂ ಟಿಕ್ ಅನ್ನುವ ಮೊದಲು ಅಪ್ಪಣೆ ಕೇಳಬೇಕು ಎಂದು ಆಡಿಕೊಳ್ಳುತ್ತಿದ್ದಳು.

ಅಳುವ ಕೂಸನ್ನು ಸುಮ್ಮನಾಗಿಸುವುದರಲ್ಲಿ ಮಾತ್ರ ಉಶ್ಶಮ್ಮನದು ಎತ್ತಿದ ಕೈ. ಎಂಥ ರಚ್ಚೆಯ ಮಗುವೇ ಇರಲಿ, ಅವಳ ಎಡಹೆಗಲಿಗೆ ಬಂದರೆ ಮುಗಿಯಿತು. ಬೆನ್ನ ಮೇಲೆ ಅಂಗೈಯಿಂದ ಮೆತ್ತಗೆ ತಟ್ಟುತ್ತ, ಕಿವಿಯ ಹತ್ತಿರ ಉದ್ದಕ್ಕೆ ‘ಉಶ್ಶ್’ ಎಂದು ಎಳೆಯುತ್ತ, ಅಡುಗೆಮನೆಯಿಂದ ಹಿತ್ತಿಲ ಬಾಗಿಲಿಗೂ ಅಲ್ಲಿಂದ ಅಡುಗೆಮನೆಗೂ ನಡೆದಳೆಂದರೆ ಮಗು ಕೊರಳು ವಾಲಿಸುತ್ತಿತ್ತು. ಬೀದಿಯ ಬಾಣಂತಿಯರು ಕೂಸು ಎತ್ತಿಕೊಂಡು ಅವಳಲ್ಲಿಗೇ ಓಡಿ ಬರುತ್ತಿದ್ದರು. ಅವಳು ಬಿಂಕದಿಂದ ಏನೂ ಹೇಳುತ್ತಿರಲಿಲ್ಲ. ಆದರೆ ಮಲಗಿದ ಮಗುವನ್ನು ತಾಯಿಯ ಕೈಗೆ ಕೊಡುವಾಗ ಅವಳ ಮುಖ ನೋಡಬೇಕಿತ್ತು.

ಯಜಮಾನರು ತೀರಿಕೊಂಡರು. ಮಗ ದೊಡ್ಡವನಾಗಿ ಅದೇ ಕಾರ್ಖಾನೆ ಸೇರಿದ, ಅದೇ ಕುಲುಮೆ, ಅದೇ ರಾತ್ರಿ ಪಾಳಿ. ಕಿಟಕಿಯ ಕಪ್ಪು ಬಟ್ಟೆ ಇಳಿಯಲೇ ಇಲ್ಲ. ಸೊಸೆಯಾಗಿ ಬಂದವಳು ಬಸ್ ಕಂಡಕ್ಟರ್. ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ದಿನವಿಡೀ ಕೂಗಿ ಕೂಗಿ ಪಳಗಿದ ಗಂಟಲು. ಮೊದಮೊದಲು ಅತ್ತೆ ಸೊಸೆಗೆ ಅದೇ ಜಗಳ. ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕಾಗಿದ್ದರಿಂದ ಅರ್ಧದಲ್ಲೇ ಇಬ್ಬರಿಗೂ ನಗು ಬಂದುಬಿಡುತ್ತಿತ್ತು. ಹೀಗೆ ಜಗಳಾಡಲಾಗದೆ ಇಬ್ಬರೂ ಹೊಂದಿಕೊಂಡರು. ಆಮೇಲೆ ಮೊಮ್ಮಗಳು ಹುಟ್ಟಿದಳು. ಕೈಕಾಲೆಲ್ಲ ಮಡಿಕೆ ಬಿದ್ದ ದುಂಡು ಕೂಸು, ಅದಕ್ಕೇ ಗುಂಡು ಎಂದು ಕರೆದರು. ಸೊಸೆ ರಜೆ ಮುಗಿಸಿ ಬಸ್ಸಿಗೆ ಮರಳಿದ ಮೇಲೆ ಹಗಲಿಗೆ ಗುಂಡುವಿನ ಲೋಕವೆಲ್ಲ ಅಜ್ಜಿಯೇ.

ಗುಂಡುವಿಗೆ ಎಂಟು ತಿಂಗಳಿರುವಾಗ ಹೊಟ್ಟೆ ಕೆಟ್ಟಿತು. ಮೊದಲ ದಿನ ಎರಡು ಮೂರು ಸಲ ತೆಳ್ಳಗಾಯಿತು, ಸಂಜೆಯ ಹೊತ್ತಿಗೆ ನೀರು ನೀರು. ಸೊಸೆ ಬಸ್ಸಿನಿಂದ ಇಳಿದವಳೇ ಮಗುವನ್ನು ಎತ್ತಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಓಡಿದಳು. ಅಲ್ಲಿ ಓಆರ್‌ಎಸ್ ಪುಡಿಯ ಪೊಟ್ಟಣ ಕೊಟ್ಟರು, ಜೊತೆಗೆ ಝಿಂಕ್ ಮಾತ್ರೆ. ಕಾಯಿಸಿ ಆರಿಸಿದ ನೀರಿಗೆ, ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಗೆ, ಇಡೀ ಪುಡಿ ಹಾಕಿ ಕಲಸಬೇಕು. ಬೇದಿಯಾದಾಗೆಲ್ಲ ಚಮಚ ಚಮಚವಾಗಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು, ಊಟ ನಿಲ್ಲಿಸಬಾರದು. ಉಚ್ಚೆ ಹೊಯ್ಯುತ್ತಾಳಾ ಇಲ್ಲವಾ ಅಂತ ಕಣ್ಣಿಟ್ಟಿರಬೇಕು. ಮಗು ಸೊರಗಿ ಮಂಕಾದರೆ ತಡಮಾಡದೆ ಕರೆತರಬೇಕು. ಸೊಸೆ ಇದಿಷ್ಟನ್ನೂ ಬಂದು ಅತ್ತೆಗೆ ಪಿಸುದನಿಯಲ್ಲಿ ಒಪ್ಪಿಸಿದಳು. ಅತ್ತೆ ಹೂಂ ಹೂಂ ಅಂದಳು. ಮಕ್ಕಳಿಗೆ ಹೊಟ್ಟೆ ಕೆಡುವುದನ್ನು ಅವಳು ಕಾಣದವಳಲ್ಲ.

ಮರುದಿನ ಬೆಳಿಗ್ಗೆ ಗುಂಡು ಎದ್ದು ಅಮ್ಮನ ಮುಖ ನೋಡಿ ನಕ್ಕಳು. ಆ ನಗು ನೋಡಿಯೇ ಸೊಸೆ ಕೆಲಸಕ್ಕೆ ಹೊರಡುವ ಧೈರ್ಯ ಮಾಡಿದ್ದು. ಹಾಲುಣಿಸಿ, ಮಧ್ಯಾಹ್ನಕ್ಕೆಂದು ಒಂದಿಷ್ಟು ಹಿಂಡಿಟ್ಟು, ಹೊಸಿಲು ದಾಟುವಾಗ ಫೋನ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಅತ್ತೆ, ಬಸ್ಸು ನಿಂತಾಗಲೆಲ್ಲ ಮಾಡ್ತೀನಿ ಅಂದಳು. ಉಶ್ಶಮ್ಮ ತಲೆಯಾಡಿಸಿದಳು. ಫೋನು ಎಂದಿನಂತೆ ಸದ್ದು ಕಳೆದುಕೊಂಡು, ಬಟ್ಟೆಯ ಮಡಿಕೆಯೊಳಗೆ, ಅಡುಗೆಮನೆಯ ಗೂಡಿನಲ್ಲಿ ಕೂತಿತ್ತು. ಅದನ್ನು ಬೇರೆ ಕಡೆ ಇಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಸೊಸೆ ಅತ್ತ ಹೋದಳು, ಮಗ ಇತ್ತ ಬಂದ. ಕಣ್ಣು ಕೆಂಡದಂತಾಗಿತ್ತು. ಹಿಂದಿನ ದಿನ ಮಗುವಿನ ಗಲಾಟೆಯಲ್ಲಿ ಅವನಿಗೆ ನಿದ್ದೆ ಆಗಿರಲಿಲ್ಲ. ಅನ್ನದ ತಟ್ಟೆಯ ಮುಂದೆಯೇ ತಲೆ ಜೋಲುತ್ತಿತ್ತು. ಉಶ್ಶಮ್ಮ ಅವನ ಕೈಬೆರಳುಗಳನ್ನೇ ನೋಡುತ್ತ ಕೂತಳು. ಹತ್ತೂ ಸರಿಯಾಗಿದ್ದವು. ಇವತ್ತೂ ನಿದ್ದೆ ಕೆಟ್ಟು ಅವನು ಕುಲುಮೆಯ ಮುಂದೆ ನಿಂತರೆ ಏನು ಗತಿ? ಅವನು ಕೋಣೆ ಸೇರಿದ ಮೇಲೆ ಕದವನ್ನು ಗಾಳಿಗೂ ಗೊತ್ತಾಗದಂತೆ ಮುಚ್ಚಿದಳು.

ಅಷ್ಟರಲ್ಲಿ ಗುಂಡುವಿಗೆ ಮತ್ತೆ ಆಯಿತು, ಬಟ್ಟೆ ದಾಟಿ ಅಜ್ಜಿಯ ಮಡಿಲಿಗೂ ಇಳಿಯಿತು. ತೊಳೆದಳು, ಬದಲಿಸಿದಳು, ಕೈಗೆ ಸೋಪು ಹಾಕಿ ತಿಕ್ಕಿಕೊಂಡಳು, ಪುಡಿ ಕಲಸಿದ ನೀರನ್ನು ಚಮಚದಲ್ಲಿ ಹನಿಸಿದಳು. ಮಗು ಆತುರದಿಂದ ಕುಡಿಯಿತು. ಇನ್ನೂ ಬೇಕೆಂದು ಬಾಯಿ ಚಾಚಿತು, ಚಮಚ ತಡವಾದದ್ದೇ ಅಳು ತೆಗೆಯಿತು. ಅಳು ಏರಿತು. ಉಶ್ಶಮ್ಮನ ಕಣ್ಣು ಕೋಣೆಯ ಕದದ ಮೇಲೆ. ಚಮಚ ಕೆಳಗಿಟ್ಟು ಮಗುವನ್ನು ಎಡಹೆಗಲಿಗೆ ಹಾಕಿಕೊಂಡಳು. ನೋಡಿ, ತಪ್ಪು ಆದದ್ದು ಅಲ್ಲೇ. ನೀರು ಕೇಳಿ ಅಳುವ ಮಗುವಿಗೆ ಅವಳು ಜೋಗುಳದ ಕೈ ಕೊಟ್ಟಳು. ಕೆಟ್ಟ ಮನಸ್ಸಿನಿಂದಲ್ಲ, ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ.

ಅಡುಗೆಮನೆಯಿಂದ ಹಿತ್ತಿಲ ಬಾಗಿಲು, ಹಿತ್ತಿಲ ಬಾಗಿಲಿನಿಂದ ಅಡುಗೆಮನೆ. ಗುಂಡು ಅತ್ತಳು, ಗಂಟಲು ಕಟ್ಟಿ ಕೀರಲಾಗಿ ಅತ್ತಳು. ನಡುವೆ ಇನ್ನೂ ಎರಡು ಸಲ ಬೇದಿಯಾಯಿತು. ತೊಳೆದು ಒರೆಸಿ ಮತ್ತೆ ಹೆಗಲಿಗೆ. ಕಡೆಗೆ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು, ಕೊರಳು ವಾಲಿತು. ಉಶ್ಶಮ್ಮ ತೊಟ್ಟಿಲಲ್ಲಿ ಮಲಗಿಸಿ ಕದದ ಕಡೆ ಕಿವಿಗೊಟ್ಟಳು. ಮಗನ ಗೊರಕೆ ಸಣ್ಣಗೆ ಕೇಳುತ್ತಿತ್ತು. ಗೆದ್ದೆ ಅಂದುಕೊಂಡು ಗೋಡೆಗೊರಗಿ ಕೂತಳು.

ಸ್ವಲ್ಪ ಹೊತ್ತಿಗೆ ನೀರು ಕುಡಿಸುವುದು ನೆನಪಾಗಿ ಬಟ್ಟಲು ಹಿಡಿದು ತೊಟ್ಟಿಲ ಹತ್ತಿರ ಹೋದಳು. ಮಗು ಮಲಗಿತ್ತು. ಮಲಗಿದವರನ್ನು ಎಬ್ಬಿಸುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ಎದ್ದ ಮೇಲೆ ಕುಡಿಸಿದರಾಯಿತು ಎಂದು ಬಟ್ಟಲಿಗೆ ತಟ್ಟೆ ಮುಚ್ಚಿದಳು. ಮತ್ತೊಂದು ಸಲ ಹೋದಾಗಲೂ ಮಲಗಿತ್ತು. ಕತ್ತಲಲ್ಲೇ ಕೈಯಾಡಿಸಿ ಬಟ್ಟೆ ಮುಟ್ಟಿ ನೋಡಿದಳು. ಒಣಗಿತ್ತು. ಬೇದಿಯೂ ಇಲ್ಲ, ಉಚ್ಚೆಯೂ ಇಲ್ಲ. ಸದ್ಯ, ಹೊಟ್ಟೆ ಹಿಡಿತಕ್ಕೆ ಬಂತು ಎಂದು ನಿಟ್ಟುಸಿರು ಬಿಟ್ಟಳು, ಒಗೆಯುವ ಬಟ್ಟೆ ಒಂದು ಕಮ್ಮಿಯಾಯಿತು ಎಂದು ಸಂತೋಷವನ್ನೂ ಪಟ್ಟಳು. ಗೂಡಿನಲ್ಲಿ ಬಟ್ಟೆಯ ಮಡಿಕೆಯೊಳಗೆ ಫೋನಿನ ಬೆಳಕು ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಅವಳು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

ಆಗ ಮುಂಬಾಗಿಲನ್ನು ಯಾರೋ ದಬದಬ ಬಡಿದರು. ಆ ಬಾಗಿಲನ್ನು ಹಾಗೆ ಯಾರೂ ಬಡಿದವರಲ್ಲ. ಉಶ್ಶಮ್ಮ ಒದ್ದೆ ಕೈಯಲ್ಲೇ ಓಡಿಬಂದು ಕದ ತೆರೆದಳು, ಬೆರಳು ತುಟಿಯ ಮೇಲಿತ್ತು. ಟೈಲರಮ್ಮ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದಳು. ನಿನ್ನ ಸೊಸೆ ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತುತ್ತಿಲ್ಲವಂತೆ, ಹೆದರಿಕೊಂಡು ನನಗೆ ಮಾಡಿದ್ದಾಳೆ, ಮಗು ಹೇಗಿದೆ ಎಂದು ಕೇಳಿದಳು. ಉಶ್ಶಮ್ಮನಿಗೆ ರೇಗಿತು. ಇಷ್ಟಕ್ಕೆ ಬಾಗಿಲು ಮುರಿಯಬೇಕಾ ಎಂದು ಪಿಸುಗುಟ್ಟಿ, ಬೇಕಿದ್ದರೆ ಬಂದು ನೋಡು, ಹೇಗೆ ಸೊಂಪಾಗಿ ಮಲಗಿದೆ ಅಂತ ತೊಟ್ಟಿಲ ಕಡೆ ಕೈ ತೋರಿಸಿದಳು.

ತೆರೆದ ಬಾಗಿಲಿನಿಂದ ಬಿಸಿಲು ನೇರ ತೊಟ್ಟಿಲಿಗೆ ಬಿದ್ದಿತ್ತು. ಬೆಳಗಿನಿಂದ ಆ ಮನೆಯಲ್ಲಿ ಮಗುವಿನ ಮುಖಕ್ಕೆ ಬಿದ್ದ ಮೊದಲ ಬೆಳಕು ಅದು.

ಗುಂಡುವಿನ ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಸಂದಿಯಲ್ಲಿ ಬಿಳಿ ಕಾಣುತ್ತಿತ್ತು. ಕಣ್ಣು ಒಳಗೆ ಇಳಿದಿತ್ತು, ಕೆನ್ನೆ ಇಳಿದಿತ್ತು, ತುಟಿಯ ಮೇಲೆ ಸಿಪ್ಪೆ ಎದ್ದಿತ್ತು. ಉಶ್ಶಮ್ಮ ನೆತ್ತಿಯ ಮೇಲೆ ಕೈಯಿಟ್ಟಳು. ದಿನಾ ಎಣ್ಣೆ ಒತ್ತುವಾಗ ಮೆತ್ತಗೆ ಮಿಡಿಯುತ್ತಿದ್ದ ಜಾಗ ಗುಳಿ ಬಿದ್ದಿತ್ತು. ಅವಳ ಬೆರಳು ಆ ಗುಳಿಯಲ್ಲಿ ನಿಂತುಬಿಟ್ಟಿತು. ಕೈಯೆತ್ತಿದರೆ ಮಗುವಿನ ಕೈ ಬಟ್ಟೆಯಂತೆ ಕೆಳಗೆ ಬಿತ್ತು. ಗುಂಡೂ ಎಂದು ಕರೆದಳು, ಪಿಸುದನಿಯಲ್ಲೇ ಕರೆದಳು, ಅದೊಂದೇ ದನಿ ಅವಳಲ್ಲಿದ್ದದ್ದು. ಬೆರಳಿಗೆ ನೀರು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ನಾಲಿಗೆ ಒಣಗಿ ಬೆರಳಿಗೆ ಅಂಟಿತು, ನುಂಗಲಿಲ್ಲ.

ಜನ್ಮದಲ್ಲಿ ಮಾಡದ ಕೆಲಸವನ್ನು ಉಶ್ಶಮ್ಮ ಆಗ ಮಾಡಿದಳು. ಮಗುವಿನ ಅಂಗಾಲನ್ನು ಉಗುರಿನಿಂದ ಚಿವುಟಿದಳು. ಅಳು ಎಂದು ಚಿವುಟಿದಳು. ಬಾಯಿ ಓರೆಯಾಯಿತು, ಎಲ್ಲಿಂದಲೋ ಎಳೆದ ಹಾಗೆ ಒಂದು ಸಣ್ಣ ನರಳಿಕೆ ಬಂತು, ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ. ಮತ್ತೆ ರೆಪ್ಪೆ ಇಳಿಯಿತು.

ಉಶ್ಶಮ್ಮ ಕೋಣೆಯ ಕದದ ಮುಂದೆ ನಿಂತಳು. ಒಂದು ಕ್ಷಣ, ಒಂದೇ ಕ್ಷಣ, ಆ ಕದ ತಳ್ಳುವುದಕ್ಕೂ ಅವಳಿಗೆ ಭಯವಾಯಿತು. ಆಮೇಲೆ ಎರಡೂ ಕೈಯಿಂದ ಬಡಿದಳು.

“ಏಳೋ ಮಗಾ! ಮಗು ಹೋಗ್ತಾ ಇದೆ, ಏಳೋ!”

ಆ ಗಂಟಲಿನಿಂದ ಕೂಗು ಹೊರಟು ಎಷ್ಟು ಕಾಲವಾಗಿತ್ತೋ, ದನಿ ಮಧ್ಯದಲ್ಲೇ ಸೀಳಿತು. ಬೀದಿಯ ಜನ ಬಾಗಿಲಿಗೆ ಬಂದರು. ಅದು ಉಶ್ಶಮ್ಮನ ದನಿ ಎಂದು ಯಾರಿಗೂ ಗೊತ್ತಾಗಲಿಲ್ಲವಂತೆ, ಆಮೇಲೆ ಹೇಳಿದರು. ಮಗ ಬನಿಯನ್ನಿನಲ್ಲೇ ಎದ್ದು ಬಂದ. ಮಗುವಿನ ಮುಖ ನೋಡಿದವನೇ ಬೈಕಿನ ಕೀಲಿ ಹುಡುಕಿದ. ಅದು ಎರಡು ಸಲ ಕೈಜಾರಿ ಬಿತ್ತು, ಕಡೆಗೆ ಟೈಲರಮ್ಮನೇ ಎತ್ತಿ ಹಾಕಿ ತಿರುಗಿಸಿದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಉಶ್ಶಮ್ಮ ಮಗುವನ್ನು ಎದೆಗೊತ್ತಿಕೊಂಡು ಅದರ ಕಿವಿಯಲ್ಲಿ ಅಳು, ಅಳು ನನ್ನವ್ವ, ಒಂದು ಸಲ ಅಳು ಎಂದು ಗೋಗರೆಯುತ್ತಿದ್ದಳು. ಬೈಕಿನ ಸದ್ದಿನಲ್ಲಿ ಮಗ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಹಿಂದೆ ತಿರುಗಿ, ಉಸಿರಾಡ್ತಿದ್ದಾಳಾ ಅಂತ ಕೇಳಿದ. ಅವಳು ಮಗುವಿನ ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಿ ಹೂಂ ಅಂದಳು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಅದು ಇಳಿಯದೆ ಮಡಿಕೆಯಾಗಿ ಹಾಗೇ ನಿಂತಿತು. ಕೊನೆಯ ಸಲ ಉಚ್ಚೆ ಯಾವಾಗ ಹೊಯ್ದಳು ಎಂದು ಕೇಳಿದಳು. ಬೆಳಿಗ್ಗೆ ಕಡೇ ಸಲ ಬದಲಿಸಿದ ಮೇಲೆ ಬಟ್ಟೆ ಒಣಗೇ ಇದೆ ಎಂದು ಉಶ್ಶಮ್ಮ ಹೇಳಿದಳು. ಹೇಳುವಾಗ, ಅದಕ್ಕೆ ತಾನು ಸಂತೋಷಪಟ್ಟದ್ದು ನೆನಪಾಗಿ ಮೈ ತಣ್ಣಗಾಯಿತು. ಮಗ ಬೇದಿ ನಿಲ್ಲಿಸುವ ಔಷಧಿ ಕೊಡಿ ಡಾಕ್ಟ್ರೇ ಎಂದ. ಇಷ್ಟು ಚಿಕ್ಕ ಮಕ್ಕಳಿಗೆ ಅಂಥದ್ದು ಕೊಡಬಾರದು, ಈಗ ಬೇಕಾಗಿರುವುದು ನೀರು, ನರದಿಂದಲೇ ಕೊಡಬೇಕು ಎನ್ನುತ್ತಲೇ ಅವಳು ಸೂಜಿ ಬಿಚ್ಚುತ್ತಿದ್ದಳು.

ನರ ಸಿಗಲಿಲ್ಲ. ನರ್ಸಮ್ಮ ಮಗುವಿನ ಕೈ ಹಿಡಿದು ತಟ್ಟಿದಳು, ಬೆಳಕಿಗೆ ಹಿಡಿದಳು, ಚುಚ್ಚಿದಳು, ತೆಗೆದಳು. ಇನ್ನೊಂದು ಕೈ. ಆಮೇಲೆ ಕಾಲು. ಪ್ರತಿ ಸಲ ಸೂಜಿ ಇಳಿಯುವಾಗ ಉಶ್ಶಮ್ಮ ಕಣ್ಣು ಮುಚ್ಚಿಕೊಂಡು ಅಳುವಿಗೆ ಕಾದಳು. ಪ್ರತಿ ಸಲವೂ ಕೋಣೆ ಸುಮ್ಮನಿತ್ತು. ಸೂಜಿ ಚುಚ್ಚಿದರೂ ಮಗು ಅಳುತ್ತಿಲ್ಲ. ಇಂಥ ಮೌನವನ್ನು ಅವಳು ಈ ಮೊದಲು ಕಂಡಿರಲಿಲ್ಲ. ತನ್ನ ಮನೆಯಲ್ಲಿ ಇಷ್ಟು ವರ್ಷ ಸಾಕಿಕೊಂಡು ಬಂದದ್ದು ಇದನ್ನೇ ಏನೋ ಎಂದು ಅನಿಸಿ ಅವಳಿಗೆ ತಲೆ ಸುತ್ತಿತು. ಮಗ ಅವಳ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದ.

ಕಡೆಗೂ ಕಾಲಿನಲ್ಲಿ ನರ ಸಿಕ್ಕಿತು. ಬಾಟಲಿಯಿಂದ ಹನಿ ಬೀಳತೊಡಗಿತು. ಅದೇ ಹೊತ್ತಿಗೆ ಸೊಸೆ ಬಂದಳು, ಕಂಡಕ್ಟರ್ ಬಟ್ಟೆಯಲ್ಲೇ, ಟಿಕೆಟ್ ಚೀಲ ಹೆಗಲಲ್ಲೇ. ಟೈಲರಮ್ಮ ಫೋನಿನಲ್ಲಿ ವಿಷಯ ತಿಳಿಸಿದ್ದೇ ಬಸ್ಸನ್ನು ಡ್ರೈವರಿಗೆ ಬಿಟ್ಟು ನಡುದಾರಿಯಲ್ಲಿ ಇಳಿದು ಬಂದಿದ್ದಳು. ಮಗುವನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ಆಮೇಲೆ ಅತ್ತೆಯ ಕಡೆ ತಿರುಗಿದಳು.

“ಅತ್ತೆ, ಆ ನೀರು ಕುಡಿಸಿದ್ರಾ?”

ಸುಳ್ಳು ಹೇಳಬಹುದಿತ್ತು. ಕುಡಿಸಿದೆ, ನಿಲ್ಲಲಿಲ್ಲ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

“ಬೆಳಿಗ್ಗೆ ಒಂದಿಷ್ಟು ಕುಡಿಸಿದೆ. ಆಮೇಲೆ ಮಲಗಿದ್ಳು, ಎಬ್ಬಿಸ್ಲಿಲ್ಲ ಕಣಮ್ಮ.”

ಸೊಸೆ ಏನೂ ಅನ್ನಲಿಲ್ಲ. ಆ ದೊಡ್ಡ ಗಂಟಲಿನ ಹುಡುಗಿ ಕೂಗಾಡಿದ್ದರೆ, ಹೀನಾಮಾನ ಬೈದಿದ್ದರೆ ಉಶ್ಶಮ್ಮ ಕಾಲು ಹಿಡಿಯಲೂ ತಯಾರಿದ್ದಳು. ಸೊಸೆ ಟಿಕೆಟ್ ಚೀಲವನ್ನು ನೆಲಕ್ಕಿಟ್ಟು, ಮಂಚದ ಆಚೆ ಬದಿಗೆ ಹೋಗಿ, ಮಗುವಿನ ಪಾದ ಹಿಡಿದು ಕೂತಳು. ಯಜಮಾನರು ಬೆರಳು ಕಳೆದುಕೊಂಡು ಬಂದ ದಿನ ಹೀಗೇ ಕೂತಿದ್ದರು. ಉಶ್ಶಮ್ಮನಿಗೆ ಮೊಮ್ಮಗಳು ಉಳಿಯುತ್ತಾಳಾ ಎಂಬ ಭಯದ ಜೊತೆಗೆ, ಉಳಿದರೂ ಇನ್ನು ಆ ಕೂಸನ್ನು ತನ್ನ ಕೈಗೆ ಕೊಡುವುದಿಲ್ಲ ಎಂಬ ಭಯವೂ ಸೇರಿಕೊಂಡಿತು. ಕೊಡಬಾರದು, ಕೊಡಬೇಡಿ ಎಂದು ಅವಳ ಮನಸ್ಸೇ ಹೇಳುತ್ತಿತ್ತು.

ಡಾಕ್ಟರಮ್ಮ ಮತ್ತೆ ಬಂದಾಗ ಮೂವರನ್ನೂ ಕೂರಿಸಿಕೊಂಡು ಹೇಳಿದಳು. ಇದು ಸಣ್ಣ ಮಕ್ಕಳಲ್ಲಿ ಓಡಾಡುವ ಸೋಂಕು, ಎಲ್ಲಿಂದ ಬಂತೆಂದು ಹುಡುಕುತ್ತ ಕೂರಬೇಡಿ, ಕೈ ತೊಳೆಯುವುದನ್ನು ಬಿಡಬೇಡಿ. ಜೀವಕ್ಕೆ ಅಪಾಯ ಬರುವುದು ಮೈಯ ನೀರೆಲ್ಲ ಹೊರಗೆ ಹೋಗುವುದರಿಂದ. ದೊಡ್ಡವರ ಮೈಯೆಂದರೆ ತುಂಬಿದ ಕೊಡದಷ್ಟು ನೀರು, ಕೂಸಿನದು ಲೋಟದಷ್ಟು; ಲೋಟ ಬರಿದಾಗುವುದಕ್ಕೆ ಎಷ್ಟು ಹೊತ್ತು ಬೇಕು? ಹೋದಷ್ಟನ್ನೂ ಬಾಯಿಂದ ತುಂಬುತ್ತಲೇ ಇರಬೇಕು, ವಾಂತಿ ಮಾಡಿದರೆ ಸ್ವಲ್ಪ ತಡೆದು ಮತ್ತೆ ಚಮಚ ಹಿಡಿಯಬೇಕು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಹೊರಡುವ ಮುಂಚೆ ಉಶ್ಶಮ್ಮನ ಕಡೆ ನೋಡಿ ಒಂದು ಮಾತು ಸೇರಿಸಿದಳು.

“ಅಳ್ತಿರೋ ಮಗೂಗೆ ಇನ್ನೂ ಶಕ್ತಿ ಇರುತ್ತಮ್ಮ. ಬೇದಿ ಆಗ್ತಿರೋ ಮಗು ಸುಮ್ನಾಗ್ಬಿಟ್ರೆ, ಮಲಗಿದೆ ಅಂತ ಬಿಡಬೇಡಿ. ಎಬ್ಬಿಸಿ ನೋಡಿ. ಏಳದಿದ್ರೆ ಎತ್ಕೊಂಡು ಓಡಿ ಬನ್ನಿ.”

ಇನ್ನು ಉಚ್ಚೆಗೆ ಕಾಯುವುದು. ಉಚ್ಚೆ ಹೊಯ್ದರೆ ಅರ್ಧ ಗೆದ್ದಂತೆ ಎಂದು ನರ್ಸಮ್ಮ ಹೇಳಿಹೋಗಿದ್ದಳು. ಮೂವರು ದೊಡ್ಡವರು ಒಂದು ಚಿಕ್ಕ ಬಟ್ಟೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತ ಕೂತರು. ನರ್ಸಮ್ಮ ಆ ಕಡೆ ಹೋಗುವಾಗ ‘ಆಯ್ತಾ?’ ಅನ್ನುವಳು, ಈ ಕಡೆ ಬರುವಾಗ ‘ಆಯ್ತಾ?’ ಅನ್ನುವಳು. ಪಕ್ಕದ ಮಂಚದ ಮಗುವಿನ ತಾತನೂ ಕೇಳತೊಡಗಿದ. ಬಾಗಿಲ ಕಾವಲಿನವನೂ ಒಮ್ಮೆ ಇಣುಕಿ ಕೇಳಿಹೋದ. ಬೇರೆ ದಿನವಾಗಿದ್ದರೆ ನಗಬಹುದಿತ್ತು. ಉಶ್ಶಮ್ಮ ಬಾರಿ ಬಾರಿಗೂ ಬಟ್ಟೆಯಡಿ ಕೈಯಿಟ್ಟು ನೋಡುತ್ತಿದ್ದಳು. ಒಣಗಿದೆ. ಇನ್ನೂ ಒಣಗಿದೆ.

ಕಿಟಕಿಯ ಬಿಸಿಲು ಓರೆಯಾಗುವ ಹೊತ್ತಿಗೆ ಅವಳ ಅಂಗೈಗೆ ಬಿಸಿ ತಾಗಿತು. ಕೈ ತೆಗೆದು ನೋಡಿದಳು, ಮೂಸಿಯೂ ನೋಡಿದಳು. ನಾಚಿಕೆಗೀಚಿಕೆ ಇಲ್ಲದೆ ಆ ಒದ್ದೆ ಕೈಯನ್ನು ಮಗನ ಮುಖಕ್ಕೆ ಹಿಡಿದಳು, ಸೊಸೆಯ ಮುಖಕ್ಕೆ ಹಿಡಿದಳು. ಸೊಸೆ ಆ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು. ಪಕ್ಕದ ಮಂಚದ ತಾತ ಆಯ್ತಂತೆ ಎಂದು ಕಾವಲಿನವನಿಗೆ ಕೂಗಿ ಹೇಳಿದ. ಸ್ವಲ್ಪ ಹೊತ್ತಿಗೆ ಗುಂಡು ಕಣ್ಣು ಬಿಟ್ಟಳು, ಕಾಲಿಗೆ ಸುತ್ತಿದ ಪಟ್ಟಿಯನ್ನು ಒದೆಯಲು ನೋಡಿದಳು, ಆಗದೆ ಅತ್ತಳು. ದೊಡ್ಡ ಅಳುವೇನಲ್ಲ. ಆದರೂ ಕಣ್ಣಿನ ಕೊನೆಯಲ್ಲಿ ಒಂದು ಹನಿ ಬಂತು.

ಆ ರಾತ್ರಿ ಕುಲುಮೆಯ ಮುಂದೆ ಮಗನ ಬದಲು ಬೇರೆಯವರು ನಿಂತರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬೇದಿ ಪೂರ್ತಿ ನಿಂತಿರಲಿಲ್ಲ, ನಿಲ್ಲಲು ಇನ್ನೂ ಕೆಲವು ದಿನ ಬೇಕು, ಕುಡಿಸುತ್ತಿದ್ದರೆ ಭಯವಿಲ್ಲ ಎಂದಿದ್ದರು. ಭಯವಿಲ್ಲ ಎಂದು ಡಾಕ್ಟರು ಹೇಳಿದರೆ ಹೋಗುವ ಭಯವೇ ಅದು? ಉಶ್ಶಮ್ಮ ತೊಟ್ಟಿಲ ಪಕ್ಕ ಬಿಟ್ಟು ಕದಲಲಿಲ್ಲ. ಆದರೆ ಮಗುವನ್ನು ತಾನಾಗಿ ಎತ್ತಿಕೊಳ್ಳಲೂ ಇಲ್ಲ. ಸೊಸೆ ಹಾಲುಣಿಸುವಳು, ಸೊಸೆ ಚಮಚ ಹಿಡಿಯುವಳು. ಅತ್ತೆ ನೀರು ಕಾಯಿಸುವಳು, ಆರಿಸುವಳು, ಬಟ್ಟೆ ತೊಳೆಯುವಳು.

ಸೊಸೆ ಮತ್ತೆ ಬಸ್ಸಿಗೆ ಹೊರಡಬೇಕಾದ ದಿನ ಬಂತು. ಟೈಲರಮ್ಮನ ಮನೆಯಲ್ಲಿ ಬಿಟ್ಟು ಹೋಗು, ನನ್ನ ಹತ್ತಿರ ಬೇಡ ಎಂದು ಉಶ್ಶಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು. ಸೊಸೆ ಕಿಟಕಿಯ ಹತ್ತಿರ ಹೋಗಿ ನಡುಮನೆಯ ಕಪ್ಪು ಬಟ್ಟೆಯನ್ನು ಕಿತ್ತು ಮಡಿಸಿದಳು. ಫೋನನ್ನು ಗೂಡಿನಿಂದ ತೆಗೆದು, ಸದ್ದು ಹಾಕಿ, ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ಮಗುವನ್ನು ಎತ್ತಿ ಅತ್ತೆಯ ಮಡಿಲಿಗೇ ಹಾಕಿದಳು.

“ಎಬ್ಬಿಸಿ ಕುಡಿಸಿ ಅತ್ತೆ,” ಎಂದಳು. ಅಷ್ಟೇ ಹೇಳಿ ಚೀಲ ಹೆಗಲಿಗೇರಿಸಿ ಹೋದಳು.

ಮಗ ಕುಲುಮೆಯಿಂದ ಬಂದು ಉಂಡು ಮಲಗಿದ. ಗುಂಡುವೂ ಮಲಗಿದಳು. ಬೆಳಕು ತುಂಬಿದ ನಡುಮನೆಯಲ್ಲಿ ಉಶ್ಶಮ್ಮ ಬಟ್ಟಲು, ಚಮಚ ಹಿಡಿದು ಕೂತಳು. ಬೇದಿಯಾಗಿತ್ತು, ಕುಡಿಸುವ ಹೊತ್ತಾಗಿತ್ತು. ಮಗುವಿನ ಉಸಿರು ಸಣ್ಣಗೆ ಏರಿಳಿಯುತ್ತಿತ್ತು, ಮುಖ ತಿಳಿಯಾಗಿತ್ತು. ಇದು ಒಳ್ಳೆಯ ನಿದ್ದೆಯೋ, ಅವತ್ತಿನ ನಿದ್ದೆಯೋ? ನೆತ್ತಿ ಮುಟ್ಟಿದಳು, ತುಟಿ ಮುಟ್ಟಿದಳು, ಬಟ್ಟೆ ಮುಟ್ಟಿದಳು. ಎಲ್ಲ ಸರಿಯಿತ್ತು. ಆದರೂ ಅವಳ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಕದದ ಆಚೆ ಮಗ, ತೊಟ್ಟಿಲಲ್ಲಿ ಮೊಮ್ಮಗಳು, ಇಬ್ಬರ ನಿದ್ದೆಯ ನಡುವೆ ಅವಳು ಚಮಚ ಹಿಡಿದು ಕೂತಿದ್ದಳು.

ಆಮೇಲೆ ಮಗುವನ್ನು ಎತ್ತಿ ಕೂರಿಸಿಕೊಂಡು, ಕೆನ್ನೆ ತಟ್ಟಿ, ಕಿವಿ ಜಗ್ಗಿ ಎಬ್ಬಿಸಿಯೇಬಿಟ್ಟಳು. ಸುಖನಿದ್ದೆ ಕೆಟ್ಟ ಗುಂಡು ಮೊದಲು ಮಿಕಮಿಕ ನೋಡಿದಳು, ಆಮೇಲೆ ಮುಖವೆಲ್ಲ ಬಾಯಿ ಮಾಡಿಕೊಂಡು ಕಿರುಚಿದಳು. ಮನೆ ಹಾರಿಹೋಗುವಂಥ ಕಿರುಚಾಟ. ಉಶ್ಶಮ್ಮನ ತುಟಿ ತಾನಾಗಿ ಮುಂದೆ ಬಂತು. ಅವಳು ಹಲ್ಲು ಕಚ್ಚಿ ತುಟಿಯನ್ನು ಒಳಗೆಳೆದುಕೊಂಡಳು.

ಒಳಗಿನಿಂದ ಮಗನ ದನಿ ಬಂತು. ನಿದ್ದೆಗಣ್ಣಿನ ದನಿಯಲ್ಲ, ಮಲಗಿದಲ್ಲೇ ಎಚ್ಚರವಿದ್ದವನ ದನಿ.

“ಅಮ್ಮಾ, ಕುಡೀತಿದ್ದಾಳಾ?”

ಕುಡೀತಾಳೆ ಕಣೋ, ನಿನ್ನ ನಿದ್ದೆ ಕೆಡಿಸಿದೆ ಎಂದು ಉಶ್ಶಮ್ಮ ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು.

“ನಿದ್ದೆ ಎಲ್ಲಮ್ಮ. ಮನೆ ಸುಮ್ನಿದ್ರೆ ನಂಗೆ ಕಣ್ಣೇ ಮುಚ್ಚಲ್ಲ ಈಗ. ಅವಳು ಅಳ್ತಾ ಇರ್ಲಿ, ಕದ ತೆಗೆದಿಡು.”

ಉಶ್ಶಮ್ಮ ಎದ್ದು ಹೋಗಿ ಕೋಣೆಯ ಕದವನ್ನು ಪೂರ್ತಿ ತೆರೆದಿಟ್ಟು ಬಂದಳು. ಗುಂಡು ಒಂದು ಚಮಚ ನುಂಗುವುದು, ಉಸಿರು ಎಳೆದುಕೊಂಡು ಅಳುವುದು, ಇನ್ನೊಂದು ಚಮಚ ನುಂಗುವುದು, ಹೀಗೆ ನಡೆದಿತ್ತು. ಕೆನ್ನೆಯ ಮೇಲೆ ಕಣ್ಣೀರು ಧಾರಾಳವಾಗಿ ಇಳಿಯುತ್ತಿತ್ತು. ಆ ರಂಪದ ನಡುವೆಯೇ ಕೋಣೆಯೊಳಗಿಂದ ಗೊರಕೆ ಕೇಳಿಸತೊಡಗಿತು. ಉಶ್ಶಮ್ಮ ಬಟ್ಟಲಿಗೆ ಮತ್ತೆ ಚಮಚ ಅದ್ದಿದಳು.